ಓಟಗಾರನ ಎಡಗಾಲು ಬಲಗಾಲು

ಇಥಿಯೋಪಿಯಾ ದೇಶದ ಎತ್ತರದ ಪ್ರದೇಶದಲ್ಲಿ ಅಸೆಲ್ಲಾ ಎಂಬ ಊರಿದೆ. ಅದರ ಸಮೀಪದ ಒಂದು ಬೇಸಾಯಗಾರರ ಮನೆತನದಲ್ಲಿ 1973ರಲ್ಲಿ ಹೈಲೆ ಗೆಬ್ರೆಸೆಲಾಸಿ ಹುಟ್ಟಿದನು. ಹತ್ತು ಮಂದಿ ಮಕ್ಕಳಲ್ಲಿ ಅವನೊಬ್ಬ. ಶಾಲೆ ಮನೆಯಿಂದ ಹತ್ತು ಕಿಲೋಮೀಟರು ದೂರ. ಬೆಳಗ್ಗೆ ಹೋಗುವಾಗ ಹತ್ತು, ಸಂಜೆ ಮರಳುವಾಗ ಹತ್ತು. ಈ ದಾರಿಯನ್ನು ಬಾಲಕನು ದಿನವೂ ಓಡಿಯೇ ಕ್ರಮಿಸುತ್ತಿದ್ದನು. ಓಡುವಾಗ ಪುಸ್ತಕಗಳನ್ನು ಎಡಗೈಯಲ್ಲಿ ಮೈಗೆ ಅವುಚಿಕೊಂಡಿರುತ್ತಿದ್ದನು.

ಆ ಬಾಲಕನು ಬೆಳೆದು ಜಗತ್ಪ್ರಸಿದ್ಧ ಓಟಗಾರನಾದನು. 1996ರ ಅಟ್ಲಾಂಟಾ ಒಲಿಂಪಿಕ್ ಕ್ರೀಡಾಕೂಟದಲ್ಲಿಯೂ 2000ದ ಸಿಡ್ನಿ ಕೂಟದಲ್ಲಿಯೂ 10,000 ಮೀಟರು ಓಟದ ಚಿನ್ನದ ಪದಕ ಅವನದಾಯಿತು. ಸಿಡ್ನಿಯಲ್ಲಿ ಎರಡನೆಯವನಾಗಿ ಬಂದ ಕೆನ್ಯಾದ ಪಾಲ್ ಟೆರ್ಗಾಟನಿಗೂ ಅವನಿಗೂ ಇದ್ದ ಅಂತರ ಒಂದು ಸೆಕೆಂಡಿನ ನೂರರಲ್ಲಿ ಒಂಬತ್ತು ಭಾಗ ಮಾತ್ರ. 2008ರಲ್ಲಿ ಬರ್ಲಿನ್ ನಗರದಲ್ಲಿ ಅವನು ಮ್ಯಾರಥಾನ್ ಓಟವನ್ನು 2 ಗಂಟೆ 3 ನಿಮಿಷ 59 ಸೆಕೆಂಡುಗಳಲ್ಲಿ ಮುಗಿಸಿ ಅಂದಿನ ವಿಶ್ವದಾಖಲೆಯನ್ನು ಸ್ಥಾಪಿಸಿದನು.

ಅವನ ಓಟವನ್ನು ಕಂಡವರ ಗಮನಕ್ಕೆ ಒಂದು ವಿಶೇಷ ಬರುತ್ತಿತ್ತು. ಬಲಗೈ ಸಹಜವಾಗಿ ಬೀಸುತ್ತಿದ್ದರೆ, ಎಡಗೈ ಬೇರೊಂದು ರೀತಿಯಲ್ಲಿ ಮಡಿಚಿಕೊಂಡು ಮೈಗೆ ಹತ್ತಿರವಾಗಿರುತ್ತಿತ್ತು. ಶಾಲೆಯ ಪುಸ್ತಕಗಳು ಇನ್ನೂ ಆ ಕೈಯಲ್ಲಿಯೇ ಇವೆಯೋ ಎಂಬಂತೆ ಅದು ತೋರುತ್ತಿತ್ತು. ಬಾಲ್ಯದ ಅಭ್ಯಾಸ ದೇಹದಲ್ಲಿ ಅಚ್ಚೊತ್ತಿ ಉಳಿದಿತ್ತು. ಆದರೆ ಆ ವಕ್ರತೆ ಅವನ ಗೆಲುವಿಗೆ ಅಡ್ಡಿಯಾಗಲಿಲ್ಲ.

ಕೈಗಳ ವಿಷಯ ಹೀಗಾದರೆ, ಓಟದ ಭಾರವನ್ನೆಲ್ಲ ಹೊರುವ ಕಾಲುಗಳ ವಿಷಯವೇನು? ಆರೋಗ್ಯವಂತನಾದ ಓಟಗಾರನ ಎಡಗಾಲು ಬಲಗಾಲುಗಳು ಸರಿಸಮಾನವಾಗಿ ದುಡಿಯುತ್ತವೆಯೆ? ದುಡಿಯದಿದ್ದಲ್ಲಿ ಅದೊಂದು ದೋಷವೆ? ದೋಷವೆಂದಾದರೆ ಅದನ್ನು ತಿದ್ದಬೇಕೆ? ಈ ಪ್ರಶ್ನೆಗಳು ಸಾಮಾನ್ಯವಾಗಿ ತೋರಿದರೂ ಇವುಗಳಿಗೆ ಉತ್ತರ ಹುಡುಕಲು ವಿಜ್ಞಾನಿಗಳು ಬಹಳ ಶ್ರಮಪಟ್ಟಿದ್ದಾರೆ. ಉತ್ತರ ತಪ್ಪಾದರೆ ಒಬ್ಬ ಒಳ್ಳೆಯ ಓಟಗಾರನು ಸಲ್ಲದ ತಿದ್ದುಪಡಿಯಿಂದ ಕೆಡಬಹುದು. ಇಲ್ಲವೆ, ಸಕಾಲದಲ್ಲಿ ಗಮನಿಸಬೇಕಾಗಿದ್ದ ನೋವನ್ನು ಕಡೆಗಣಿಸಿ ಮೂಳೆ ಮುರಿದುಕೊಳ್ಳಬಹುದು.

ಮನುಷ್ಯನ ದೇಹವನ್ನು ಎದುರಿನಿಂದ ನೋಡಿದರೆ ಅದು ನಡುಗೆರೆಯ ಎರಡು ಬದಿಗಳಲ್ಲಿ ಒಂದೇ ಬಗೆಯಾಗಿ ಕಾಣುತ್ತದೆ. ಎರಡು ಕಣ್ಣು, ಎರಡು ಕಿವಿ, ಎರಡು ಕೈ, ಎರಡು ಕಾಲು. ಹೀಗೆ ಎಡಬಲಗಳು ಪರಸ್ಪರ ಕನ್ನಡಿಯ ಬಿಂಬದಂತಿರುವುದಕ್ಕೆ ಸಮಮಿತಿ ಎಂದು ಹೆಸರು. ಆದರೆ ಚರ್ಮದ ಒಳಗೆ ಇಣುಕಿದರೆ ಈ ಸಮಮಿತಿ ಮಾಯವಾಗುತ್ತದೆ. ಹೃದಯವು ಎಡಕ್ಕೆ ವಾಲಿದೆ. ಯಕೃತ್ತು ಬಲಬದಿಯಲ್ಲಿದೆ. ಬಲ ಶ್ವಾಸಕೋಶಕ್ಕೆ ಮೂರು ಹಾಲೆಗಳು, ಎಡ ಶ್ವಾಸಕೋಶಕ್ಕೆ ಎರಡೇ ಹಾಲೆಗಳು. ಹೊರಗಿನ ಅಂಗಗಳೂ ಸೂಕ್ಷ್ಮವಾಗಿ ಅಳೆದರೆ ಪೂರ್ತಿ ಸಮನಾಗಿರುವುದಿಲ್ಲ. ಪಾದರಕ್ಷೆ ಮಾರುವವನಿಗೆ ಈ ಸತ್ಯ ಚೆನ್ನಾಗಿ ಗೊತ್ತು. ಒಂದು ಪಾದಕ್ಕೆ ಸರಿಯಾಗಿ ಕೂಡುವ ಜೋಡು ಇನ್ನೊಂದಕ್ಕೆ ಕೊಂಚ ಬಿಗಿಯಾಗುವುದುಂಟು. ಹಳೆಯ ಚಪ್ಪಲಿಯನ್ನು ತಿರುವಿ ನೋಡಿದರೆ ಒಂದರ ಹಿಮ್ಮಡಿ ಇನ್ನೊಂದರದಕ್ಕಿಂತ ಹೆಚ್ಚು ಸವೆದಿರುತ್ತದೆ.

ಕಾಲುಗಳ ಉದ್ದದ ಮಾತೂ ಇಷ್ಟೆ. ಕ್ಷ-ಕಿರಣಗಳ ನೆರವಿನಿಂದ ಹಲವರು ಮಾಡಿದ ಅಳತೆಗಳನ್ನು ಒಟ್ಟುಗೂಡಿಸಿದ ಒಂದು ಸಮೀಕ್ಷೆ 2005ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನರ ಎರಡು ಕಾಲುಗಳ ಮೂಳೆಗಳ ಉದ್ದದಲ್ಲಿ ಏನಾದರೊಂದು ವ್ಯತ್ಯಾಸ ಇದ್ದೇ ಇರುತ್ತದೆ. ಆ ವ್ಯತ್ಯಾಸದ ಸರಾಸರಿ ಸುಮಾರು 5 ಮಿಲಿಮೀಟರು. ಎಂದರೆ ಎರಡು ಕಾಲುಗಳೂ ಕೂದಲೆಳೆಯಷ್ಟೂ ಭೇದವಿಲ್ಲದಿರುವುದೇ ಅಪರೂಪ. ಅಲ್ಪಸ್ವಲ್ಪ ಏರುಪೇರೇ ಸಾಮಾನ್ಯ.

ನಿಂತಿರುವವನಿಗೆ ಅರ್ಧ ಸೆಂಟಿಮೀಟರು ಲೆಕ್ಕಕ್ಕೆ ಬಾರದು. ದೂರ ಓಡುವವನಿಗೆ? ಇಲ್ಲಿ ಓಟದ ಸ್ವರೂಪವನ್ನು ಸ್ವಲ್ಪ ತಿಳಿಯಬೇಕು. ನಡೆಯುವಾಗ ಒಂದಲ್ಲ ಒಂದು ಪಾದ ಯಾವಾಗಲೂ ನೆಲದ ಮೇಲಿರುತ್ತದೆ. ಓಡುವಾಗ ಹಾಗಲ್ಲ. ಪ್ರತಿ ಹೆಜ್ಜೆಯ ನಡುವೆ ಎರಡೂ ಪಾದಗಳು ನೆಲವನ್ನು ಬಿಟ್ಟು, ದೇಹ ಕ್ಷಣಕಾಲ ಗಾಳಿಯಲ್ಲಿರುತ್ತದೆ. ಆಮೇಲೆ ಅದು ಒಂದೇ ಕಾಲಿನ ಮೇಲೆ ಇಳಿಯುತ್ತದೆ. ಆ ಕಾಲು ನೆಲದ ಮೇಲಿರುವುದು ಒಂದು ಸೆಕೆಂಡಿನ ಕಾಲು ಭಾಗದಷ್ಟು ಹೊತ್ತು. ಅಷ್ಟರೊಳಗೆ ಅದು ದೇಹದ ತೂಕದ ಇಮ್ಮಡಿಯಿಂದ ಮುಮ್ಮಡಿಯವರೆಗಿನ ಬಲವನ್ನು ತಾಳಿಕೊಂಡು ದೇಹವನ್ನು ಮತ್ತೆ ಮೇಲಕ್ಕೆ ಚಿಮ್ಮಿಸಬೇಕು. ಐವತ್ತು ಕಿಲೋಗ್ರಾಂ ತೂಕದವನು ಓಡುವಾಗ ಅವನ ಒಂದೊಂದು ಕಾಲಿನ ಮೇಲೆ ಪ್ರತಿಸಲವೂ ನೂರರಿಂದ ನೂರೈವತ್ತು ಕಿಲೋಗ್ರಾಂ ಭಾರಕ್ಕೆ ಸಮನಾದ ಬಲ ಬೀಳುತ್ತದೆ.

ಮ್ಯಾರಥಾನ್ ಓಟದ ದೂರ 42,195 ಮೀಟರು. ಒಂದು ಹೆಜ್ಜೆಗೆ ಒಂದು ಮೀಟರು ಎಂದಿಟ್ಟುಕೊಂಡರೆ ಓಟಗಾರನು ನಲವತ್ತೆರಡು ಸಾವಿರಕ್ಕೂ ಮಿಕ್ಕಿ ಹೆಜ್ಜೆಗಳನ್ನು ಹಾಕಬೇಕು. ಒಂದೊಂದು ಕಾಲಿನ ಪಾಲಿಗೆ ಇಪ್ಪತ್ತೊಂದು ಸಾವಿರ ಸಲ. ಎಡಗಾಲಿಗಿಂತ ಬಲಗಾಲು ಪ್ರತಿಸಲವೂ ತುಸು ಹೆಚ್ಚು ಭಾರ ಹೊರುವುದಾದರೆ, ಆ ತುಸುವೂ ಇಪ್ಪತ್ತೊಂದು ಸಾವಿರ ಸಲ ಸೇರುತ್ತ ಹೋಗುತ್ತದೆ. ಹನಿ ಹನಿಗೂಡಿದರೆ ಹಳ್ಳ ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ದೂರದ ಓಟಗಾರರ ಕಾಲುಗಳ ಅಸಮಮಿತಿಯನ್ನು ಕುರಿತು ವೈದ್ಯರೂ ತರಬೇತುಗಾರರೂ ತಲೆ ಕೆಡಿಸಿಕೊಂಡಿರುವುದು ಇದೇ ಕಾರಣದಿಂದ.

ಓಡುವವನ ಕಾಲುಗಳನ್ನು ಬರಿಯ ಕಣ್ಣಿನಿಂದ ನೋಡಿ ಅಳೆಯಲಾಗದು. ಕಣ್ಣು ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ಹೆಜ್ಜೆ ಮುಗಿದಿರುತ್ತದೆ. ಈ ತೊಡಕನ್ನು ಜಾಣತನದಿಂದ ಬಿಡಿಸಿದವರಲ್ಲಿ ಫ್ರಾನ್ಸಿನ ಶರೀರವಿಜ್ಞಾನಿ ಎತಿಯೆನ್ ಜೂಲ್ ಮಾರೆ ಪ್ರಮುಖನು. 1830ರಲ್ಲಿ ಹುಟ್ಟಿ 1904ರಲ್ಲಿ ತೀರಿಕೊಂಡ ಈತನು ಓಟಗಾರನಿಗಾಗಿ ಒಂದು ವಿಚಿತ್ರವಾದ ಪಾದರಕ್ಷೆಯನ್ನು ಮಾಡಿಸಿದನು. ಅದರ ಅಟ್ಟೆಯೊಳಗೆ ಗಾಳಿ ತುಂಬಿದ ಒಂದು ಪುಟ್ಟ ಕೋಶ. ಪಾದ ನೆಲವನ್ನು ಒತ್ತಿದೊಡನೆ ಕೋಶದ ಗಾಳಿ ಒಂದು ರಬ್ಬರಿನ ಕೊಳವೆಯ ಮೂಲಕ ಮೇಲಕ್ಕೆ ನುಗ್ಗಿ, ಓಟಗಾರನು ಕೈಯಲ್ಲಿ ಹಿಡಿದಿದ್ದ ಉಪಕರಣದ ಲೇಖನಿಯನ್ನು ಎತ್ತುತ್ತಿತ್ತು. ತಿರುಗುವ ಉರುಳೆಯ ಮೇಲೆ ಗೆರೆ ಮೂಡುತ್ತಿತ್ತು. ಎಡಪಾದಕ್ಕೊಂದು ಗೆರೆ, ಬಲಪಾದಕ್ಕೊಂದು ಗೆರೆ. ಯಾವ ಪಾದ ಎಷ್ಟು ಹೊತ್ತು ನೆಲದ ಮೇಲಿತ್ತು, ಎಷ್ಟು ಹೊತ್ತು ಗಾಳಿಯಲ್ಲಿತ್ತು ಎಂಬುದು ಹೀಗೆ ಮೊದಲ ಬಾರಿಗೆ ಕಾಗದದ ಮೇಲೆ ಸ್ಪಷ್ಟವಾಗಿ ಕಂಡಿತು.

ಮಾರೆಯು ಅಷ್ಟಕ್ಕೇ ತೃಪ್ತನಾಗಲಿಲ್ಲ. 1882ರಲ್ಲಿ ಅವನು ಬಂದೂಕಿನ ಆಕಾರದ ಕ್ಯಾಮರಾ ಒಂದನ್ನು ನಿರ್ಮಿಸಿದನು. ಅದು ಒಂದು ಸೆಕೆಂಡಿಗೆ ಹನ್ನೆರಡು ಚಿತ್ರಗಳನ್ನು ತೆಗೆಯಬಲ್ಲುದಾಗಿತ್ತು. ಮುಂದೆ ಅವನು ಓಟಗಾರನಿಗೆ ಮೈತುಂಬ ಕಪ್ಪು ಉಡುಪು ತೊಡಿಸಿ, ಕೈಕಾಲುಗಳ ಉದ್ದಕ್ಕೆ ಬಿಳಿಯ ಪಟ್ಟಿಗಳನ್ನು ಹೊಂದಿಸಿ, ಕಪ್ಪು ಗೋಡೆಯ ಮುಂದೆ ಓಡಿಸಿ ಚಿತ್ರ ತೆಗೆದನು. ಚಿತ್ರದಲ್ಲಿ ಮನುಷ್ಯನು ಮರೆಯಾಗಿ, ಅವನ ಚಲನೆಯ ಗೆರೆಗಳಷ್ಟೇ ಉಳಿದವು. ಇಂದಿನ ಪ್ರಯೋಗಶಾಲೆಗಳಲ್ಲಿ ಓಟಗಾರನ ಕೀಲುಗಳಿಗೆ ಹೊಳೆಯುವ ಗುಂಡುಗಳನ್ನು ಅಂಟಿಸಿ ಹಲವು ಕ್ಯಾಮರಾಗಳಿಂದ ಚಿತ್ರಿಸುವ ವಿಧಾನಕ್ಕೆ ಮೂಲ ಇದೇ. ಅಂಗಾಲು ನೆಲಕ್ಕೆ ಕೊಡುವ ಬಲವನ್ನು ತಿಳಿಯಲು ನೆಲದಲ್ಲಿ ಹುದುಗಿಸಿದ ಬಲಮಾಪಕ ಫಲಕಗಳು ಇಂದು ಬಳಕೆಯಲ್ಲಿವೆ. ಸ್ನಾಯುಗಳ ಶಕ್ತಿಯನ್ನೂ ಮೂಳೆಗಳ ಸಾಂದ್ರತೆಯನ್ನೂ ಎರಡೂ ಕಾಲುಗಳಲ್ಲಿ ಬೇರೆ ಬೇರೆಯಾಗಿ ಅಳೆಯುವ ಯಂತ್ರಗಳು ಇವೆ.

ಅಳತೆ ಮಾಡಿದ ಮೇಲೆ ಎಡಬಲಗಳನ್ನು ಹೋಲಿಸಲು ಒಂದು ಸುಲಭವಾದ ಲೆಕ್ಕವಿದೆ. ಎರಡು ಕಾಲುಗಳ ಅಳತೆಗಳ ವ್ಯತ್ಯಾಸವನ್ನು ಅವುಗಳ ಸರಾಸರಿಯಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಉದಾಹರಣೆಗೆ, ಒಬ್ಬನ ಬಲಗಾಲು 105 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲವನ್ನೂ ಎಡಗಾಲು 95 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲವನ್ನೂ ತೋರಿಸಿದುವೆನ್ನೋಣ. ವ್ಯತ್ಯಾಸ 10, ಸರಾಸರಿ 100. ಆದುದರಿಂದ ಅಸಮಮಿತಿ ಶೇಕಡ 10. ಎರಡೂ ಸಮನಾಗಿದ್ದರೆ ಉತ್ತರ ಸೊನ್ನೆ.

ಆರೋಗ್ಯವಂತರಾದ ಓಟಗಾರರಲ್ಲಿ ಈ ಉತ್ತರ ಸೊನ್ನೆ ಬಂದೀತೆಂದು ಮೊದಲಿಗೆ ಎಲ್ಲರೂ ಎಣಿಸುವುದು ಸಹಜ. ವಾಸ್ತವವಾಗಿ ಹಾಗೆ ಬರುವುದಿಲ್ಲ. ಓಟಗಾರ್ತಿಯರನ್ನು ಕುರಿತು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎಂದೂ ಮೂಳೆಯ ಬಿರುಕಿಗೆ ಗುರಿಯಾಗದವರಲ್ಲಿಯೂ ಅಸಮಮಿತಿ ಕಂಡುಬಂದಿತು. ನೆಲವು ಪಾದವನ್ನು ನೇರವಾಗಿ ಮೇಲಕ್ಕೆ ನೂಕುವ ಬಲದ ಗರಿಷ್ಠ ಪ್ರಮಾಣದಲ್ಲಿ ಎಡಬಲಗಳ ವ್ಯತ್ಯಾಸ ಕೇವಲ ಶೇಕಡ 3ರಷ್ಟು. ಆದರೆ ಪಕ್ಕಕ್ಕೆ ನೂಕುವ ಬಲದಲ್ಲಿ ಅದು ಶೇಕಡ 50ರ ಸಮೀಪಕ್ಕೆ ಹೋಗಿತ್ತು. ಇನ್ನೂ ಕುತೂಹಲದ ಸಂಗತಿಯೆಂದರೆ, ಹಿಂದೆ ಕಣಕಾಲಿನ ಮೂಳೆ ಬಿರುಕುಬಿಟ್ಟಿದ್ದ ಓಟಗಾರ್ತಿಯರ ಅಸಮಮಿತಿಯೂ ಹೆಚ್ಚುಕಡಮೆ ಇಷ್ಟೇ ಇದ್ದಿತು. ಕಾಲುಗಳು ಸಮನಾಗಿಲ್ಲ ಎಂಬುದೊಂದರಿಂದಲೇ ಯಾರಿಗೆ ಪೆಟ್ಟಾದೀತು, ಯಾರಿಗೆ ಆಗದು ಎಂದು ಹೇಳುವಂತಿರಲಿಲ್ಲ.

ಇಲ್ಲಿ ಎಚ್ಚರದಿಂದ ಗಮನಿಸಬೇಕಾದ ಎರಡು ಅಂಶಗಳಿವೆ. ಮೊದಲನೆಯದಾಗಿ, ಅಸಮಮಿತಿ ಎಂಬುದು ಒಂದೇ ಸಂಖ್ಯೆಯಲ್ಲ. ಏನನ್ನು ಅಳೆದರು ಎಂಬುದರ ಮೇಲೆ ಅದು ಬದಲಾಗುತ್ತದೆ. ಒಬ್ಬನ ಬಲಗಾಲು ಹೆಚ್ಚು ಬಲಶಾಲಿಯಾಗಿರಬಹುದು, ಎಡಗಾಲು ಹೆಚ್ಚು ಹೊತ್ತು ನೆಲದ ಮೇಲಿರಬಹುದು. ಎರಡನೆಯದಾಗಿ, ಒಂದೇ ಕಾಲಿನ ಎರಡು ಹೆಜ್ಜೆಗಳೂ ಪರಸ್ಪರ ಸಮನಾಗಿರುವುದಿಲ್ಲ. ಬಲಗಾಲಿನ ಒಂದು ಹೆಜ್ಜೆಗೂ ಅದೇ ಬಲಗಾಲಿನ ಮುಂದಿನ ಹೆಜ್ಜೆಗೂ ಶೇಕಡ 4ರಷ್ಟು ಏರುಪೇರಿದ್ದರೆ, ಎಡಬಲಗಳ ನಡುವೆ ಕಂಡ ಶೇಕಡ 3ರ ವ್ಯತ್ಯಾಸಕ್ಕೆ ಅರ್ಥವೇನು? ಒಂದೆರಡು ಹೆಜ್ಜೆಗಳನ್ನು ಅಳೆದು ತೀರ್ಪು ಕೊಡುವುದು ಆತುರದ ಕೆಲಸವಾಗುತ್ತದೆ. ಅನೇಕ ಹೆಜ್ಜೆಗಳನ್ನು, ಸಾಧ್ಯವಾದರೆ ಬೇರೆ ಬೇರೆ ದಿನಗಳಲ್ಲಿ ಅಳೆದು, ಎರಡು ಕಾಲುಗಳ ನಡುವಣ ಭೇದವು ಒಂದೊಂದು ಕಾಲಿನ ಸಹಜವಾದ ಏರುಪೇರಿಗಿಂತ ಹೆಚ್ಚೆಂದು ಖಚಿತವಾದಾಗ ಮಾತ್ರ ಅದನ್ನು ನಿಜವಾದ ಅಸಮಮಿತಿಯೆಂದು ಒಪ್ಪಬಹುದು. ಇದು ಓಟಕ್ಕೆ ಮಾತ್ರವಲ್ಲ, ಅಳತೆ ಮಾಡುವ ಎಲ್ಲ ವಿಜ್ಞಾನಗಳಿಗೂ ಅನ್ವಯಿಸುವ ನಿಯಮ.

ಈ ಅಸಮಮಿತಿ ಎಲ್ಲಿಂದ ಬರುತ್ತದೆ? ಕಾರಣ ಒಂದಲ್ಲ, ಹಲವು. ಮೂಳೆಗಳ ಉದ್ದದ ಭೇದ ಹುಟ್ಟಿನಿಂದಲೋ ಬೆಳವಣಿಗೆಯಿಂದಲೋ ಬಂದುದು. ಹಳೆಯ ಪೆಟ್ಟು ಇನ್ನೊಂದು ಕಾರಣ. ಒಮ್ಮೆ ಉಳುಕಿದ ಕಾಲನ್ನು ಕಾಪಾಡಲು ದೇಹ ಇನ್ನೊಂದು ಕಾಲಿಗೆ ಭಾರವನ್ನು ಹಂಚುತ್ತದೆ. ಪೆಟ್ಟು ವಾಸಿಯಾದ ಮೇಲೂ ಆ ಅಭ್ಯಾಸ ಕೆಲಕಾಲ ಉಳಿಯುವುದುಂಟು. ಒಂದು ಕಾಲನ್ನು ಇಷ್ಟಪಟ್ಟು ಬಳಸುವ ರೂಢಿಯೂ ಇದೆ. ಚೆಂಡನ್ನು ಒದೆಯುವಾಗ ಹೆಚ್ಚಿನವರು ಬಲಗಾಲನ್ನೇ ಬೀಸುತ್ತಾರೆ, ಎಡಗಾಲಿನ ಮೇಲೆ ನಿಲ್ಲುತ್ತಾರೆ. ಹೊಸ ಮನೆಗೆ ಬಲಗಾಲಿಟ್ಟು ಬರಬೇಕೆಂಬ ಸಂಪ್ರದಾಯ ನಾಡಿನಲ್ಲಿದೆ. ಆದರೆ ಓಟವು ಬಲಗಾಲಿಗೆ ಅಗ್ರಸ್ಥಾನವನ್ನು ಕೊಡುವುದಿಲ್ಲ. ಒಂದು ಹೆಜ್ಜೆ ಬಲಗಾಲಿನದಾದರೆ ಮರುಹೆಜ್ಜೆ ಎಡಗಾಲಿನದೇ. ಚೆಂಡು ಒದೆಯುವ ಕಾಲೇ ಓಟದಲ್ಲಿಯೂ ಹೆಚ್ಚು ಬಲ ಹಾಕುತ್ತದೆ ಎಂಬ ನಂಬಿಕೆಗೆ ಅಧ್ಯಯನಗಳಿಂದ ಗಟ್ಟಿಯಾದ ಬೆಂಬಲ ದೊರೆತಿಲ್ಲ.

ಓಡುವ ನೆಲವೂ ಕಾಲುಗಳ ನಡುವೆ ಪಕ್ಷಪಾತ ಮಾಡುತ್ತದೆ. ಮಳೆಯ ನೀರು ಹರಿದುಹೋಗಲೆಂದು ರಸ್ತೆಗಳನ್ನು ನಡುವೆ ಉಬ್ಬಿಸಿ ಅಂಚುಗಳಲ್ಲಿ ಇಳಿಜಾರಾಗಿ ಕಟ್ಟುತ್ತಾರೆ. ರಸ್ತೆಯ ಒಂದೇ ಅಂಚಿನಲ್ಲಿ ದಿನವೂ ಓಡುವವನ ಒಂದು ಪಾದ ಸದಾ ತಗ್ಗಿನಲ್ಲಿಯೂ ಇನ್ನೊಂದು ಸದಾ ಎತ್ತರದಲ್ಲಿಯೂ ಬೀಳುತ್ತದೆ. ಸಮನಾದ ಕಾಲುಳ್ಳವನೂ ಆಗ ಒಂದು ಕಾಲು ಗಿಡ್ಡವಾದವನಂತೆ ಓಡಬೇಕಾಗುತ್ತದೆ. ಕ್ರೀಡಾಂಗಣದ ಓಟದ ಹಾದಿಯಲ್ಲಿ ಬೇರೊಂದು ತೊಡಕು. ದೇವಾಲಯವನ್ನು ಭಕ್ತರು ಪ್ರದಕ್ಷಿಣೆಯಾಗಿ ಸುತ್ತಿದರೆ, ಓಟಗಾರರು ಮೈದಾನವನ್ನು ಅಪ್ರದಕ್ಷಿಣೆಯಾಗಿ, ಎಂದರೆ ಮೈದಾನದ ನಡುಭಾಗವನ್ನು ಎಡಕ್ಕಿಟ್ಟುಕೊಂಡು ಸುತ್ತುತ್ತಾರೆ. 400 ಮೀಟರಿನ ಹಾದಿಯಲ್ಲಿ 10,000 ಮೀಟರು ಓಡುವವನಿಗೆ ಇಪ್ಪತ್ತೈದು ಸುತ್ತುಗಳು, ಐವತ್ತು ತಿರುವುಗಳು. ಐವತ್ತೂ ಎಡಕ್ಕೆ! ತಿರುವಿನಲ್ಲಿ ಒಳಬದಿಯ ಕಾಲಿಗೂ ಹೊರಬದಿಯ ಕಾಲಿಗೂ ಕೆಲಸ ಬೇರೆ ಬೇರೆ. ಬಹಳ ಬಿಗಿಯಾದ ತಿರುವುಗಳಲ್ಲಿ ವೇಗವಾಗಿ ಓಡುವಾಗ ಒಳಬದಿಯ ಕಾಲು ಕಡಮೆ ಬಲವನ್ನು ಹಾಕುತ್ತದೆಂದು ಪ್ರಯೋಗಗಳಿಂದ ತಿಳಿದಿದೆ. ಅಭ್ಯಾಸದ ದಿನಗಳಲ್ಲಿ ಆಗಾಗ ದಿಕ್ಕನ್ನು ಬದಲಿಸಿ ಓಡುವುದು ಒಳ್ಳೆಯದೆಂದು ಅನುಭವಿಗಳು ಹೇಳುವುದು ಇದಕ್ಕಾಗಿ.

ಅಸಮಮಿತಿಯಿಂದ ನಷ್ಟವೇ ಇಲ್ಲವೆ? ಇದೆ. ಅದನ್ನು ಅಳೆದು ತೋರಿಸಿದ ಒಂದು ಪ್ರಯೋಗದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಆರೋಗ್ಯವಂತರಾದ ಓಟಗಾರರನ್ನು ಚಲಿಸುವ ಪಟ್ಟಿಯ ಮೇಲೆ ಓಡಿಸಿ, ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕುವಂತೆ ಹೇಳಲಾಯಿತು. ಮೊದಲು ಸಮತಾಳ. ಬಳಿಕ ಬೇಕೆಂದೇ ತಾಳವನ್ನು ಕುಂಟಿಸಿ, ಒಂದು ಕಾಲಿನ ಹೆಜ್ಜೆ ದೀರ್ಘವೂ ಇನ್ನೊಂದರದು ಹ್ರಸ್ವವೂ ಆಗುವಂತೆ ಮಾಡಲಾಯಿತು. ಉಸಿರಿನ ಮೂಲಕ ಅವರ ಶಕ್ತಿವ್ಯಯವನ್ನು ಲೆಕ್ಕಹಾಕಿದಾಗ, ಹೆಜ್ಜೆಯ ಕಾಲದಲ್ಲಿ ಅಸಮಮಿತಿ ಶೇಕಡ 10ರಷ್ಟು ಹೆಚ್ಚಿದಂತೆಲ್ಲ ಶಕ್ತಿವ್ಯಯವೂ ಶೇಕಡ 3.5ರಷ್ಟು ಹೆಚ್ಚಿತು. ಕೂದಲೆಳೆಯ ಅಂತರದಲ್ಲಿ ಸೋಲುಗೆಲುವು ನಿರ್ಧಾರವಾಗುವ ಓಟದಲ್ಲಿ ಇದು ಅಲ್ಪವಾದ ನಷ್ಟವಲ್ಲ.

ಆದರೆ ಈ ಪ್ರಯೋಗದಿಂದ ಅವಸರದ ನಿರ್ಣಯಕ್ಕೆ ಬರಬಾರದು. ಸಮವಾಗಿ ಓಡುತ್ತಿದ್ದವರನ್ನು ಬಲವಂತವಾಗಿ ಅಸಮವಾಗಿ ಓಡಿಸಿದುದರಿಂದ ಅವರಿಗೆ ಶ್ರಮ ಹೆಚ್ಚಿತು, ನಿಜ. ಹಾಗೆಂದಮಾತ್ರಕ್ಕೆ ತನ್ನ ಸಹಜವಾದ ಅಸಮಮಿತಿಯಲ್ಲಿ ವರ್ಷಗಳಿಂದ ಓಡುತ್ತ ಬಂದವನನ್ನು ಬಲವಂತವಾಗಿ ಸಮವಾಗಿ ಓಡಿಸಿದರೆ ಅವನ ಶ್ರಮ ಕಡಮೆಯಾಗುತ್ತದೆಂದು ಹೇಳುವಂತಿಲ್ಲ. ಅವನ ದೇಹ ಆ ಭೇದಕ್ಕೆ ತಕ್ಕಂತೆ ತನ್ನನ್ನು ತಾನೇ ಹೊಂದಿಸಿಕೊಂಡಿರುತ್ತದೆ. ಉದ್ದವಾದ ಕಾಲು ಮೊಣಕಾಲಿನಲ್ಲಿ ತುಸು ಹೆಚ್ಚು ಬಾಗುತ್ತದೆ, ಸೊಂಟ ಕೊಂಚ ವಾಲುತ್ತದೆ, ಒಂದು ಪಾದ ಸ್ವಲ್ಪ ಹೆಚ್ಚು ಚಪ್ಪಟೆಯಾಗುತ್ತದೆ. ಹೀಗೆ ಒಂದು ಕಡೆಯ ಕೊರತೆಯನ್ನು ಇನ್ನೊಂದು ಕಡೆ ತುಂಬಿಕೊಳ್ಳುವುದು ಜೀವಂತ ದೇಹದ ವೈಶಿಷ್ಟ್ಯ. ಯಂತ್ರಕ್ಕೆ ಈ ಬುದ್ಧಿಯಿಲ್ಲ.

ಜಗತ್ತಿನ ಅತ್ಯಂತ ವೇಗದ ಮನುಷ್ಯನ ಉದಾಹರಣೆ ಇಲ್ಲಿ ಪ್ರಸ್ತುತವಾಗಿದೆ. ಜಮೈಕಾದ ಉಸೇನ್ ಬೋಲ್ಟ್ ದೂರದ ಓಟಗಾರನಲ್ಲ, ಅಲ್ಪದೂರದ ಓಟಗಾರ. 2009ರಲ್ಲಿ ಬರ್ಲಿನ್ನಿನಲ್ಲಿ 100 ಮೀಟರನ್ನು 9.58 ಸೆಕೆಂಡುಗಳಲ್ಲಿ ಓಡಿ ಅವನು ವಿಶ್ವದಾಖಲೆ ಬರೆದನು. ಅವನ ಬೆನ್ನುಮೂಳೆ ಪಕ್ಕಕ್ಕೆ ಬಾಗಿದೆ, ಬಲಗಾಲು ಎಡಗಾಲಿಗಿಂತ ಸುಮಾರು ಅರ್ಧ ಅಂಗುಲ ಗಿಡ್ಡ. ಅವನ ಓಟದ ಚಿತ್ರಗಳನ್ನು ಪರಿಶೀಲಿಸಿ ಅಮೆರಿಕದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಅವನ ಬಲಗಾಲು ಎಡಗಾಲಿಗಿಂತ ಶೇಕಡ 13ರಷ್ಟು ಹೆಚ್ಚು ಗರಿಷ್ಠ ಬಲದಿಂದ ನೆಲಕ್ಕೆ ಅಪ್ಪಳಿಸುತ್ತಿತ್ತು. ಎಡಗಾಲು ಬಲಗಾಲಿಗಿಂತ ಶೇಕಡ 14ರಷ್ಟು ಹೆಚ್ಚು ಹೊತ್ತು ನೆಲದ ಮೇಲಿರುತ್ತಿತ್ತು. ಒಂದು ಕಾಲು ಬಲದಿಂದ ಸಾಧಿಸಿದುದನ್ನು ಇನ್ನೊಂದು ಕಾಲು ತಾಳ್ಮೆಯಿಂದ ಸಾಧಿಸುತ್ತಿತ್ತೆನ್ನಬಹುದು. ಎರಡು ಎತ್ತುಗಳು ಗುಣದಲ್ಲಿ ಬೇರೆಯಾದರೂ ನೊಗ ಒಂದೇ, ಬಂಡಿ ಒಂದೇ.

ದೂರದ ಓಟದ ಇತಿಹಾಸದಲ್ಲಿಯೂ ಇಂತಹ ಪಾಠವಿದೆ. ಜೆಕೊಸ್ಲೊವಾಕಿಯಾದ ಎಮಿಲ್ ಜಾಟೊಪೆಕ್ ಓಡುವಾಗ ತಲೆ ಅತ್ತಿತ್ತ ಹೊರಳುತ್ತಿತ್ತು, ಹೆಗಲು ಕುಣಿಯುತ್ತಿತ್ತು, ಮುಖ ನೋವಿನಿಂದ ಕಿವುಚಿದಂತಿರುತ್ತಿತ್ತು. ಅಂದವಾದ ಓಟವನ್ನು ಮೆಚ್ಚುವವರು ಅವನನ್ನು ಕಂಡು ಮೂಗುಮುರಿದರು. ಅವನಾದರೋ 1952ರ ಹೆಲ್ಸಿಂಕಿ ಒಲಿಂಪಿಕ್ ಕೂಟದಲ್ಲಿ 5,000 ಮೀಟರು, 10,000 ಮೀಟರು ಮತ್ತು ಮ್ಯಾರಥಾನ್ ಮೂರರಲ್ಲಿಯೂ ಚಿನ್ನ ಗೆದ್ದನು. ಮ್ಯಾರಥಾನ್ ಓಡಿದುದು ಅದೇ ಮೊದಲ ಸಲ. ಓಟದಲ್ಲಿ ಅಂಕ ಸಲ್ಲುವುದು ಮೊದಲು ಗುರಿ ಮುಟ್ಟಿದವನಿಗೆ, ಸುಂದರವಾಗಿ ಕಂಡವನಿಗಲ್ಲ.

ಹಾಗಾದರೆ ಅಸಮಮಿತಿಯನ್ನು ಪೂರ್ತಿ ಮರೆತುಬಿಡಬಹುದೆ? ಅದೂ ತಪ್ಪು. ಆರೋಗ್ಯವಂತನ ಸಹಜವಾದ ಭೇದ ಒಂದು, ಹೊಸದಾಗಿ ತಲೆದೋರಿದ ಭೇದ ಇನ್ನೊಂದು. ನಿನ್ನೆಯವರೆಗೆ ಸರಾಗವಾಗಿ ಓಡುತ್ತಿದ್ದವನು ಇಂದು ಒಂದು ಕಾಲನ್ನು ಉಳಿಸಿಕೊಂಡು ಓಡುತ್ತಿದ್ದರೆ ಅದಕ್ಕೆ ಕಾರಣವಿರಬೇಕು. ಪದೇ ಪದೇ ಬೀಳುವ ಹೊರೆಯಿಂದ ಮೂಳೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಉಂಟಾಗುವುದುಂಟು. ಕಣಕಾಲಿನ ಮೂಳೆಯ ಒಂದೇ ಜಾಗದಲ್ಲಿ, ಬೆರಳಿಟ್ಟು ತೋರಿಸಬಹುದಾದಂತೆ ನೋವು ಕಾಣಿಸಿಕೊಳ್ಳುತ್ತದೆ. ಮೊದಮೊದಲು ಓಡುವಾಗ ಮಾತ್ರ ನೋವು. ಅಲಕ್ಷಿಸಿದರೆ ನಡೆಯುವಾಗಲೂ, ಕಡೆಗೆ ಮಲಗಿದಾಗಲೂ ನೋವು. ಆ ಹಂತದಲ್ಲಿ ಹಟಕ್ಕೆ ಬಿದ್ದು ಓಡಿದರೆ ಮೂಳೆ ಮುರಿದೇ ಹೋಗಬಹುದು. ಹದಿಮೂರು ಹದಿನಾಲ್ಕರ ವಯಸ್ಸಿನವರು ವಿಶೇಷವಾಗಿ ಎಚ್ಚರದಿಂದಿರಬೇಕು. ಆ ವಯಸ್ಸಿನಲ್ಲಿ ಮೂಳೆಗಳ ತುದಿಗಳು ಇನ್ನೂ ಬೆಳೆಯುತ್ತಿರುತ್ತವೆ, ಅಲ್ಲಿ ಮೆದುವಾದ ಮೃದ್ವಸ್ಥಿ ಇರುತ್ತದೆ. ಮೊಣಕಾಲಿನ ಕೆಳಗೋ ಹಿಮ್ಮಡಿಯಲ್ಲೋ ಒಂದೇ ಬದಿಯಲ್ಲಿ ನಿಲ್ಲದೆ ಕಾಡುವ ನೋವನ್ನು ಮುಚ್ಚಿಡುವುದು ಧೈರ್ಯವಲ್ಲ. ಹಿರಿಯರಿಗೆ ತಿಳಿಸಿ, ವೈದ್ಯರಿಗೆ ತೋರಿಸಿ, ವಿಶ್ರಾಂತಿ ಪಡೆಯುವುದೇ ವಿವೇಕ.

ತಿದ್ದುಪಡಿಯ ವಿಷಯದಲ್ಲಿಯೂ ಇದೇ ವಿವೇಕ ಬೇಕು. ಕಾಲುಗಳ ಉದ್ದದ ಭೇದ ಸುಮಾರು 20 ಮಿಲಿಮೀಟರಿನಷ್ಟಿದ್ದರೆ, ಅಥವಾ ಭೇದದಿಂದ ನೋವುಂಟಾಗಿದ್ದರೆ ವೈದ್ಯರು ಪಾದರಕ್ಷೆಯೊಳಗೆ ಮೆತ್ತೆಯನ್ನು ಇಡುವುದೇ ಮೊದಲಾದ ಉಪಾಯಗಳನ್ನು ಸೂಚಿಸುತ್ತಾರೆ. ಪೆಟ್ಟಿನ ಬಳಿಕ ಸೊರಗಿದ ಸ್ನಾಯುಗಳಿಗೆ ಒಂಟಿಕಾಲಿನ ವ್ಯಾಯಾಮಗಳಿಂದ ಬಲ ತುಂಬಿಸುತ್ತಾರೆ. ಆದರೆ ನೋವಿಲ್ಲದೆ ಓಡುತ್ತಿರುವವನ ಐದು ಮಿಲಿಮೀಟರಿನ ಭೇದವನ್ನು ಹುಡುಕಿ ತೆಗೆದು ಮೆತ್ತೆ ಇಟ್ಟರೆ, ಇಷ್ಟು ಕಾಲ ಹೊಂದಿಕೊಂಡಿದ್ದ ಕೀಲುಗಳ ಮೇಲೆ ಹೊಸ ಹೊರೆ ಬೀಳುತ್ತದೆ. ಇಲ್ಲದ ರೋಗಕ್ಕೆ ಮದ್ದು ಕೊಟ್ಟು ರೋಗ ತರಿಸಿಕೊಂಡಂತಾಗುತ್ತದೆ.

ಸಮನಾಗಿರುವುದೇ ಆರೋಗ್ಯ, ಭೇದವೆಲ್ಲ ದೋಷ ಎಂದು ಬಗೆಯುವುದು ಸುಲಭ. ಓಟಗಾರರ ಕಾಲುಗಳು ಬೇರೊಂದು ಮಾತನ್ನು ಹೇಳುತ್ತವೆ. ಅಳತೆಗೋಲಿಗೆ ಸಮನಾಗಿರುವುದಕ್ಕಿಂತ, ಭೇದವಿದ್ದೂ ಒಂದೇ ಗುರಿಯತ್ತ ಹೊಂದಿಕೊಂಡು ದುಡಿಯುವುದು ದೊಡ್ಡದು. ಪುಸ್ತಕ ಹಿಡಿದ ಕೈಯ ಬಾಗನ್ನು ನೆಟ್ಟಗೆ ಮಾಡಲು ಹೈಲೆ ಗೆಬ್ರೆಸೆಲಾಸಿ ಹೋಗಲಿಲ್ಲ. ಆ ಬಾಗಿನೊಡನೆಯೇ ಓಡಿದನು. ಇಪ್ಪತ್ತು ಕಿಲೋಮೀಟರು ದೂರದ ದಿನದಿನದ ಶಾಲೆಯ ದಾರಿ ಕಡೆಯವರೆಗೂ ಅವನ ತೋಳಿನಲ್ಲಿ ಉಳಿದಿತ್ತು.

ಶಬ್ದಾರ್ಥ

ಅವುಚು = ಬಿಗಿಯಾಗಿ ಒತ್ತಿ ಹಿಡಿ
ಅಚ್ಚೊತ್ತು = ಗುರುತು ಮೂಡು
ಹಾಲೆ = ಅಂಗದ ವಿಭಾಗ
ಅಟ್ಟೆ = ಪಾದರಕ್ಷೆಯ ತಳಭಾಗ
ಉರುಳೆ = ಉರುಳುವ ಕೊಂತು, ಸಿಲಿಂಡರು
ಕಣಕಾಲು = ಮೊಣಕಾಲಿಗೂ ಪಾದಕ್ಕೂ ನಡುವಣ ಭಾಗ
ಸಾಂದ್ರತೆ = ಒತ್ತಾಗಿರುವಿಕೆ, ದಟ್ಟಣೆ
ಅಪ್ರದಕ್ಷಿಣೆ = ಎಡಕ್ಕೆ ತಿರುಗುತ್ತ ಸುತ್ತುವುದು
ಮೃದ್ವಸ್ಥಿ = ಮೆದುವಾದ ಎಲುಬು

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಹೈಲೆ ಗೆಬ್ರೆಸೆಲಾಸಿಯ ಎಡಗೈ ಓಡುವಾಗ ಹೇಗಿರುತ್ತಿತ್ತು?
2. ಸಮಮಿತಿ ಎಂದರೇನು?
3. ನಡಿಗೆಗೂ ಓಟಕ್ಕೂ ಇರುವ ಮುಖ್ಯ ವ್ಯತ್ಯಾಸವೇನು?
4. ಮಾರೆಯು ಓಟಗಾರನಿಗೆ ಕಪ್ಪು ಉಡುಪನ್ನು ಏಕೆ ತೊಡಿಸಿದನು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಓಡುವ ನೆಲವು ಕಾಲುಗಳ ನಡುವೆ ಪಕ್ಷಪಾತ ಮಾಡುವುದು ಹೇಗೆ?
2. ಒಂದೆರಡು ಹೆಜ್ಜೆಗಳನ್ನು ಅಳೆದು ತೀರ್ಪು ಕೊಡುವುದು ಏಕೆ ಸರಿಯಲ್ಲ?
3. 2018ರಲ್ಲಿ ಪ್ರಕಟವಾದ ಪ್ರಯೋಗದ ಫಲಿತಾಂಶವೇನು? ಅದರಿಂದ ಯಾವ ನಿರ್ಣಯಕ್ಕೆ ಬರಬಾರದು?

ಇ. ವಿವರವಾಗಿ ಉತ್ತರಿಸಿರಿ.
1. ಸಹಜವಾದ ಅಸಮಮಿತಿಗೂ ಹೊಸದಾಗಿ ತಲೆದೋರಿದ ಅಸಮಮಿತಿಗೂ ಇರುವ ಭೇದವನ್ನು ತಿಳಿಸಿ, ಓಟಗಾರನು ವಹಿಸಬೇಕಾದ ಎಚ್ಚರಗಳನ್ನು ಬರೆಯಿರಿ.
2. "ಎರಡು ಎತ್ತುಗಳು ಗುಣದಲ್ಲಿ ಬೇರೆಯಾದರೂ ನೊಗ ಒಂದೇ, ಬಂಡಿ ಒಂದೇ." ಈ ಮಾತನ್ನು ಪಾಠದ ಆಧಾರದಿಂದ ವಿಸ್ತರಿಸಿರಿ.

ಈ. ಲೆಕ್ಕ ಮಾಡಿರಿ.
ಒಬ್ಬ ಓಟಗಾರನ ಬಲಗಾಲಿನ ಅಳತೆ 52, ಎಡಗಾಲಿನ ಅಳತೆ 48 ಆದರೆ ಅಸಮಮಿತಿ ಶೇಕಡ ಎಷ್ಟು?

ಉ. ವಿಗ್ರಹವಾಕ್ಯ ಬರೆದು ಸಮಾಸವನ್ನು ಹೆಸರಿಸಿರಿ.
ಅಂಗಾಲು, ಇಮ್ಮಡಿ, ಮುಮ್ಮಡಿ, ಎಡಗೈ.

ಊ. ಸ್ವಂತ ವಾಕ್ಯಗಳಲ್ಲಿ ಪ್ರಯೋಗಿಸಿರಿ.
ಮೂಗುಮುರಿ, ತಲೆದೋರು, ಹಟಕ್ಕೆ ಬೀಳು, ಕಡೆಗಣಿಸು.

ಋ. ಮಾಡಿ ನೋಡಿರಿ.
ಒದ್ದೆಯಾದ ಪಾದಗಳನ್ನು ಒಣ ಸಿಮೆಂಟು ನೆಲದ ಮೇಲೆ ಊರಿ, ಎಡಬಲ ಹೆಜ್ಜೆಗುರುತುಗಳನ್ನು ಹೋಲಿಸಿರಿ. ಹಳೆಯ ಚಪ್ಪಲಿಗಳ ಸವೆತವನ್ನು ಪರೀಕ್ಷಿಸಿರಿ. ಕಂಡ ಭೇದಗಳನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ.